ಇಸಿಎಂ ಹೋಗಿದೆ ಎಂದು ತೀರ್ಮಾನಿಸುವ ಮೊದಲು

ಬೆಳಗಾವಿಯ ಉದ್ಯಮಬಾಗದಲ್ಲಿ ಗ್ಯಾರೇಜ್ ನಡೆಸುವವರು, ಐಟಿಐ ಹಾಗೂ ಡಿಪ್ಲೊಮಾ ವಿದ್ಯಾರ್ಥಿಗಳು ಮತ್ತು ಹಳೆಯ ಕಾರು ಇಟ್ಟುಕೊಂಡಿರುವ ಕೆಲವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ.

ಎಲ್ಲರಿಗೂ ನಮಸ್ಕಾರ. ನಾನು ಇಂದು ಮಾತನಾಡಲಿರುವುದು ಪೆಟ್ರೋಲ್ ಕಾರುಗಳ ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಅಂದರೆ ಇಸಿಎಂ (ಎಂಜಿನ್ ಕಂಟ್ರೋಲ್ ಮಾಡ್ಯೂಲ್) ಬಗ್ಗೆ, ಅದರಲ್ಲಿಯೂ ಹದಿನೈದು ಇಪ್ಪತ್ತು ವರ್ಷ ಓಡಿರುವ ಗಾಡಿಗಳ ಇಸಿಎಂ ಬಗ್ಗೆ ಮಾತ್ರ. ಹೊಸ ಕಾರುಗಳಲ್ಲಿ ಇಂಥ ಪೆಟ್ಟಿಗೆಗಳು ಹತ್ತಾರು ಇರುತ್ತವೆ. ಅವುಗಳ ಸಂಗತಿಯೇ ಬೇರೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಣ್ಣ ಗ್ಯಾರೇಜುಗಳಿಗೆ ಇಂದಿಗೂ ದಿನವೂ ಬರುವುದು ಹಳೆಯ ಗಾಡಿಗಳೇ, ಮತ್ತು ಅವುಗಳ ಮಾಲೀಕರಿಗೆ ಹೊಸ ಇಸಿಎಂ ಕೊಳ್ಳುವ ಖರ್ಚು ಕೆಲವೊಮ್ಮೆ ಗಾಡಿಯ ಬೆಲೆಯ ದೊಡ್ಡ ಪಾಲನ್ನೇ ನುಂಗಿಬಿಡುತ್ತದೆ.

ಈ ಗಾಡಿಗಳು ನಮ್ಮ ಭಾಗದಲ್ಲಿ ಏಕೆ ಇಷ್ಟು ಬಗೆಬಗೆಯಾಗಿವೆ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಪರೀಕ್ಷೆಯ ಕ್ರಮವು ಅದನ್ನು ಅವಲಂಬಿಸಿದೆ. 1998ರಲ್ಲಿ ಸ್ಯಾಂಟ್ರೊ ಬಂದಾಗ ಅದಕ್ಕೆ ಎಂಪಿಎಫ್‌ಐ ಎಂಜಿನ್, ಅಂದರೆ ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಚಿಮುಕಿಸುವ ಒಂದು ಇಂಜೆಕ್ಟರ್ ಇರುವ ಎಂಜಿನ್ ಇತ್ತು. 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೆಹಲಿ ರಾಜಧಾನಿ ವಲಯಕ್ಕೆ ಹೊಗೆಯ ಮಿತಿಯನ್ನು ಹೇಳುವ ಯೂರೋ ಮಾನದಂಡಗಳನ್ನು ಕಡ್ಡಾಯಗೊಳಿಸಿದ ಬಳಿಕ ಮಾರುತಿಯ ಸಣ್ಣ ಕಾರುಗಳೂ ಕಾರ್ಬ್ಯುರೇಟರ್ ಬಿಟ್ಟು ಇಂಜೆಕ್ಟರಿನ ಕಡೆಗೆ ಸರಿದವು. 2010ರ ಏಪ್ರಿಲ್‌ನಲ್ಲಿ 13 ನಗರಗಳಿಗೆ ಅದೇ ಬಗೆಯ ಹೊಗೆ ಮಾನದಂಡವಾದ ಭಾರತ್ ಸ್ಟೇಜ್ 4 ಜಾರಿಗೆ ಬಂದಿತು, ಉಳಿದ ದೇಶಕ್ಕೆ ಸ್ಟೇಜ್ 3 ಸಾಕಾಗಿತ್ತು. ಆ 13ರಲ್ಲಿ ಕರ್ನಾಟಕದಿಂದ ಬೆಂಗಳೂರು ಒಂದೇ ಇತ್ತು. ಆದರೆ ನಮ್ಮ ಮಗ್ಗುಲಿನ ಪುಣೆಯೂ ಇತ್ತು, ವಿಜಯಪುರದ ಪಕ್ಕದ ಸೋಲಾಪುರವೂ ಇತ್ತು. ಸ್ಟೇಜ್ 4 ಇಡೀ ದೇಶಕ್ಕೆ ಅನ್ವಯವಾದದ್ದು 2017ರ ಏಪ್ರಿಲ್‌ನಲ್ಲಿ. ಹೀಗಾಗಿ ಒಂದೇ ಮಾದರಿಯ, ಒಂದೇ ವರ್ಷದ ಎರಡು ಕಾರುಗಳಲ್ಲಿ ಇಲ್ಲಿಯೇ ಕೊಂಡದ್ದಕ್ಕೆ ಒಂದು ಬಗೆಯ ಇಸಿಎಂ, ಸೋಲಾಪುರದಿಂದ ಸೆಕೆಂಡ್ ಹ್ಯಾಂಡ್ ತಂದದ್ದಕ್ಕೆ ಇನ್ನೊಂದು ಬಗೆಯದು ಇರುವುದು ಸಾಧ್ಯ. ಹೊರಗಿನ ಆಕಾರ, ತಂತಿಗಳನ್ನು ಕೂಡಿಸುವ ಕಪ್ಲರ್ ಎಲ್ಲವೂ ಒಂದೇ ರೀತಿ ಕಂಡರೂ ಪೆಟ್ಟಿಗೆಯ ಮೇಲಿನ ಪಾರ್ಟ್ ನಂಬರಿನ ಕೊನೆಯ ಅಂಕಿಗಳು ಬೇರೆಯಾಗಿರುತ್ತವೆ. ದೋಷದ ಕೋಡ್ ಓದುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಈ ಎರಡರಲ್ಲಿ ಒಂದು ಇಸಿಎಂನೊಡನೆ ಮಾತನಾಡಿ ಇನ್ನೊಂದರೊಡನೆ ಮಾತನಾಡದೆ ಇದ್ದರೆ, ಮಾತನಾಡದ ಇಸಿಎಂ ಸತ್ತಿದೆ ಎಂದು ಅರ್ಥವಲ್ಲ. ಆ ಗಾಡಿಗೆ ಕಂಪನಿಯ ಸ್ವಂತ ಭಾಷೆಯ ಸ್ಕ್ಯಾನರೇ ಬೇಕಾಗಿರಬಹುದು.

ನಾನು ಈ ಹೊತ್ತು ಒತ್ತಿ ಹೇಳಬೇಕೆಂದಿರುವುದು ಇಷ್ಟು: ಇಸಿಎಂ ತಾನಾಗಿ ಕೆಡುವುದು ಅಪರೂಪ. ಅದು ನಿಜವಾಗಿಯೂ ಸುಟ್ಟಿದ್ದರೆ ಅದನ್ನು ಸುಟ್ಟ ಕಾರಣವು ಬಹುಮಟ್ಟಿಗೆ ಗಾಡಿಯಲ್ಲಿಯೇ ಇನ್ನೂ ಇರುತ್ತದೆ, ಮತ್ತು ಅದನ್ನು ಹುಡುಕದೆ ಕೂಡಿಸಿದ ಎರಡನೆಯ ಪೆಟ್ಟಿಗೆಯೂ ಅದೇ ದಾರಿ ಹಿಡಿಯುತ್ತದೆ. ಆದರೆ ನಮ್ಮಲ್ಲಿ ನಡೆಯುವುದು ಏನೆಂದರೆ, ಪ್ಲಗ್ ಬದಲಾಯಿಸಿ, ಪಂಪ್ ಬದಲಾಯಿಸಿ, ಸೆನ್ಸರ್ ಬದಲಾಯಿಸಿ, ಯಾವುದಕ್ಕೂ ಗಾಡಿ ಚಾಲೂ ಆಗದಿದ್ದಾಗ "ಬಾಕ್ಸ್ ಹೋಗೈತ್ರಿ ಸಾಹೇಬ್ರ, ಬದಲಿ ಮಾಡಬೇಕ" ಎಂಬ ಮಾತು ಬರುತ್ತದೆ. ಅದು ಪರೀಕ್ಷೆಯಿಂದ ಬಂದ ತೀರ್ಮಾನವಲ್ಲ. ಉಳಿದ ಸಾಮಾನು ಮುಗಿದವು ಎಂಬ ಕಾರಣಕ್ಕೆ ಬಂದ ತೀರ್ಮಾನ.

ಇಸಿಎಂ ಒಳಗೆ ಏನಿದೆ ಎಂಬುದನ್ನು ಸ್ಥೂಲವಾಗಿಯಾದರೂ ತಿಳಿದಿದ್ದರೆ ಪರೀಕ್ಷೆ ಸುಲಭವಾಗುತ್ತದೆ. ಬ್ಯಾಟರಿಯ 12 ವೋಲ್ಟನ್ನು ಸ್ಥಿರವಾದ 5 ವೋಲ್ಟ್ ಮಾಡಿಕೊಡುವ ಒಂದು ರೆಗ್ಯುಲೇಟರ್ ಭಾಗ, ಲೆಕ್ಕ ಹಾಕುವ ಮೈಕ್ರೋಕಂಟ್ರೋಲರ್, ಗಾಡಿಗೆ ಸಂಬಂಧಿಸಿದ ಮಾಹಿತಿಯನ್ನು ಇಟ್ಟುಕೊಳ್ಳುವ ಎಂಟು ಕಾಲಿನ ಸಣ್ಣ ಮೆಮೊರಿ ಚಿಪ್, ಸೆನ್ಸರುಗಳಿಂದ ಬರುವ ಸಂಕೇತವನ್ನು ಸೋಸುವ ಭಾಗ, ಮತ್ತು ಇಂಜೆಕ್ಟರ್, ಇಗ್ನಿಷನ್ ಕಾಯಿಲ್, ರಿಲೇ, ಮತ್ತು ಕಾಲು ಎತ್ತಿದಾಗ ಎಂಜಿನ್ ಓಡುತ್ತಿರುವಂತೆ ಗಾಳಿ ಬಿಡುವ ಐಡಲ್ ಮೋಟರುಗಳನ್ನು ನಡೆಸುವ ಡ್ರೈವರುಗಳು. ಬಹುತೇಕ ಡ್ರೈವರುಗಳು ಕೆಲಸ ಮಾಡುವುದು ಅರ್ಥ್ ಕಡೆಯಿಂದ, ಎಂದರೆ ಬ್ಯಾಟರಿಯ ಮೈನಸ್ ಕಡೆಯಿಂದ. ಅಂದರೆ ಇಂಜೆಕ್ಟರಿಗೆ 12 ವೋಲ್ಟ್ ರಿಲೇ ಮೂಲಕ ಸದಾ ಬರುತ್ತಿರುತ್ತದೆ, ಇಸಿಎಂ ಅದರ ಇನ್ನೊಂದು ತುದಿಯನ್ನು ಅರ್ಥಿಗೆ ಮುಟ್ಟಿಸುತ್ತದೆ, ಮತ್ತೆ ಬಿಡಿಸುತ್ತದೆ. ಈ ಒಂದು ಸಂಗತಿ ನೆನಪಿದ್ದರೆ ಅರ್ಧ ವಾಯರಿಂಗ್ ನಕ್ಷೆಯನ್ನು ಓದಲು ಬರುತ್ತದೆ.

ಈಗ ಸೆಲ್ಫ್ ತಿರುಗುತ್ತದೆ, ಎಂಜಿನ್ ಚಾಲೂ ಆಗುವುದಿಲ್ಲ ಎಂದು ಇಟ್ಟುಕೊಳ್ಳೋಣ. ಕೀಲಿ ಆನ್ ಮಾಡಿದ ಕ್ಷಣದಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಚೆಕ್ ಎಂಜಿನ್ ದೀಪ ಹತ್ತಿತೇ, ಪೆಟ್ರೋಲ್ ಪಂಪ್ ಎರಡು ಸೆಕೆಂಡಿನಷ್ಟು ಗುಂಯ್‌ಗುಟ್ಟಿ ನಿಂತಿತೇ, ಎಕ್ಸಲರೇಟರ್ ಎಷ್ಟು ತೆರೆದಿದೆ ಎಂದು ಹೇಳುವ ಥ್ರಾಟಲ್ ಸೆನ್ಸರಿನ ಕಪ್ಲರಿನಲ್ಲಿ 5 ವೋಲ್ಟ್ ಬಂದಿತೇ. ಈ ಮೂರೂ ಇದ್ದರೆ ಇಸಿಎಂಗೆ ಕರೆಂಟ್ ಬರುತ್ತಿದೆ, ಅದರ ಒಳಗಿನ ರೆಗ್ಯುಲೇಟರ್ ಕೆಲಸ ಮಾಡುತ್ತಿದೆ, ಮೈಕ್ರೋಕಂಟ್ರೋಲರ್ ಎಚ್ಚರಾಗಿದೆ ಎಂದು ಬಹುಮಟ್ಟಿಗೆ ನಂಬಬಹುದು. ಮೂರೂ ಇಲ್ಲದಿದ್ದರೆ ಪೆಟ್ಟಿಗೆಯನ್ನು ಬಿಚ್ಚುವ ಅವಸರ ಬೇಡ. ಅದಕ್ಕೆ ಊಟವೇ ತಲುಪದಿರುವ ಸಾಧ್ಯತೆ ಹೆಚ್ಚು.

ಇಸಿಎಂಗೆ ಸಾಮಾನ್ಯವಾಗಿ ಕರೆಂಟ್ ಮೂರು ದಾರಿಗಳಿಂದ ಬರುತ್ತದೆ: ಬ್ಯಾಟರಿಯಿಂದ ನೇರವಾಗಿ ಸದಾ ಇರುವ ಒಂದು ತಂತಿ, ಇಗ್ನಿಷನ್ ಸ್ವಿಚ್ಚಿನಿಂದ ಒಂದು, ಮುಖ್ಯ ರಿಲೇಯಿಂದ ಒಂದು. ಇವನ್ನು ಮಲ್ಟಿಮೀಟರಿನಿಂದ ನೋಡಿ 12 ವೋಲ್ಟ್ ಇದೆ ಎಂದು ಸುಮ್ಮನಾಗುವುದು ಅತಿ ದೊಡ್ಡ ಬಲೆ. ಡಿಜಿಟಲ್ ಮೀಟರಿನ ಒಳರೋಧ ಸುಮಾರು 10 ಮೆಗಾ ಓಮ್ ಇರುವುದರಿಂದ ಅದು ಹೆಚ್ಚೂಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ. ಹಸಿರುಗಟ್ಟಿ ಒಂದೇ ಎಳೆ ಉಳಿದ ತಂತಿಯೂ ಅದಕ್ಕೆ 12 ವೋಲ್ಟ್ ತೋರಿಸುತ್ತದೆ. ಇಸಿಎಂ ಕಪ್ಲರನ್ನು ಬಿಚ್ಚಿ, ಪೂರೈಕೆಯ ಪಿನ್ ಮತ್ತು ಅರ್ಥ್ ಪಿನ್ ನಡುವೆ ಇಂಡಿಕೇಟರಿನ 21 ವ್ಯಾಟ್ ಬಲ್ಬನ್ನು ಜೋಡಿಸಿ ನೋಡಬೇಕು. ಆ ಬಲ್ಬ್ ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಅದು ಬ್ಯಾಟರಿಯ ಮೇಲೆ ಉರಿಯುವಷ್ಟೇ ಪ್ರಖರವಾಗಿ ಇಲ್ಲಿಯೂ ಉರಿದರೆ ಆ ತಂತಿ, ಆ ಫ್ಯೂಜ್, ಆ ರಿಲೇ ಮತ್ತು ಆ ಅರ್ಥ್ ಎಲ್ಲವೂ ಸರಿ ಇವೆ. ಮಂಕಾಗಿ ಉರಿದರೆ ತಪ್ಪು ಎಲ್ಲಿದೆ ಎಂದು ಹಿಂದೆ ಹಿಂದೆ ಹೋಗಿ ನೋಡಬೇಕು. ಎರಡು ಎಚ್ಚರಿಕೆಗಳಿವೆ. ಬಲ್ಬನ್ನು ಪೂರೈಕೆ ಮತ್ತು ಅರ್ಥ್ ಪಿನ್ನುಗಳಿಗೆ ಮಾತ್ರ ಹಚ್ಚಬೇಕು, ಸೆನ್ಸರ್ ತಂತಿಗಳಿಗೆ ಹಚ್ಚಬಾರದು. ಇಗ್ನಿಷನ್ ಸ್ವಿಚ್ಚಿನಿಂದ ಬರುವ ತಂತಿ ತೆಳುವಾದ ಸಂಕೇತದ ತಂತಿಯೇ ಎಂದು ನಕ್ಷೆಯಲ್ಲಿ ನೋಡಿಕೊಂಡೇ ಮುಂದುವರಿಯಬೇಕು. ಹಾಗೆಯೇ ಕಪ್ಲರಿನ ಹೆಣ್ಣು ಪಿನ್ನಿಗೆ ದಪ್ಪ ಸೂಜಿ ಅಥವಾ ಮೀಟರಿನ ಮೊನೆಯನ್ನು ತುರುಕಬಾರದು. ಒಮ್ಮೆ ಹಿಗ್ಗಿದ ಪಿನ್ ಮತ್ತೆ ಬಿಗಿಯುವುದಿಲ್ಲ, ಆಗ ಇಲ್ಲದ ದೋಷವೊಂದನ್ನು ನಾವೇ ಗಾಡಿಗೆ ಸೇರಿಸಿದಂತಾಗುತ್ತದೆ.

ಅರ್ಥ್ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹಳೆಯ ಗಾಡಿಗಳ ಇಸಿಎಂ ದೋಷ ಎಂದು ಬರುವವುಗಳಲ್ಲಿ ಬಹಳಷ್ಟು ಇಲ್ಲಿಯೇ ಬಗೆಹರಿಯುತ್ತವೆ. ಬ್ಯಾಟರಿಯ ಮೈನಸ್‌ನಿಂದ ಗಾಡಿಯ ಬಾಡಿಯ ಲೋಹಕ್ಕೆ ಒಂದು ದಪ್ಪ ಅರ್ಥ್ ಪಟ್ಟಿ, ಎಂಜಿನ್ನಿಗೆ ಒಂದು ಪಟ್ಟಿ ಹೋಗಿರುತ್ತದೆ. ಖಾನಾಪುರ, ಚೋರ್ಲಾ ಘಾಟ್ ಕಡೆ ಓಡಾಡುವ ಗಾಡಿಗಳಲ್ಲಿ ನಾಲ್ಕು ತಿಂಗಳ ಮಳೆಗೆ ಈ ಪಟ್ಟಿಯ ತುದಿಗಳು ತುಕ್ಕು ಹಿಡಿಯುತ್ತವೆ. ವಿಜಯಪುರದ ಒಣ ಹವೆಯಲ್ಲಿ ತುಕ್ಕು ಕಡಿಮೆ, ಆದರೆ ಗೇರ್‌ಬಾಕ್ಸ್ ಇಳಿಸಿ ಏರಿಸಿದಾಗ ಈ ಪಟ್ಟಿಯ ಬೋಲ್ಟನ್ನು ಮರೆತುಬಿಡುವುದು ಎಲ್ಲ ಊರಿನಲ್ಲಿಯೂ ಒಂದೇ. ಸೆಲ್ಫ್ ಹೊಡೆದಾಗ ನೂರು ಆಂಪಿಯರಿಗೂ ಮೀರಿದ ಕರೆಂಟ್ ಎಂಜಿನ್ನಿನಿಂದ ಬ್ಯಾಟರಿಗೆ ಮರಳಬೇಕು. ಪಟ್ಟಿ ಸಡಿಲವಾಗಿದ್ದರೆ ಅದು ಸಿಕ್ಕ ಬೇರೆ ದಾರಿಯನ್ನು ಹಿಡಿಯುತ್ತದೆ: ಎಕ್ಸಲರೇಟರ್ ಕೇಬಲ್, ಕ್ಲಚ್ ಕೇಬಲ್, ಮತ್ತು ಎಂಜಿನ್ ಮೇಲೆ ಬೋಲ್ಟ್ ಮಾಡಿರುವ ಇಸಿಎಂನ ತೆಳು ಅರ್ಥ್ ತಂತಿಗಳು. ಎಕ್ಸಲರೇಟರ್ ಕೇಬಲ್ ಬಿಸಿಯಾಗಿ ಅಂಟುತ್ತಿದೆ ಎಂಬ ದೂರಿನ ಹಿಂದೆಯೇ ಇಸಿಎಂ ಬೋರ್ಡಿನ ಮೇಲಿನ ತಾಮ್ರದ ಅರ್ಥ್ ಗೆರೆ ಸುಟ್ಟ ಪ್ರಕರಣವೂ ಬರುವುದು ಆಕಸ್ಮಿಕವಲ್ಲ.

ಇದನ್ನು ಅಳೆಯುವ ರೀತಿ ಹೀಗೆ. ಮೀಟರಿನ ಕಪ್ಪು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬದ ಮೇಲೆಯೇ ಇಡಬೇಕು, ಕ್ಲ್ಯಾಂಪಿನ ಮೇಲಲ್ಲ. ಕೆಂಪು ಮೊನೆಯನ್ನು ಇಸಿಎಂ ಅರ್ಥ್ ಪಿನ್ನಿನ ಹಿಂಬದಿಯಿಂದ ಮುಟ್ಟಿಸಬೇಕು. ಕೀಲಿ ಆನ್ ಇದ್ದಾಗ ಮತ್ತು ಎಂಜಿನ್ ಓಡುತ್ತಿರುವಾಗ 0.1 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಸೆಲ್ಫ್ ಹೊಡೆಯುವಾಗ ತುಸು ಏರಬಹುದು, ಆದರೆ ಅರ್ಧ ವೋಲ್ಟಿಗೆ ಜಿಗಿದರೆ ಪಟ್ಟಿಯಲ್ಲಿ ದೋಷವಿದೆ. 0.3 ವೋಲ್ಟಿನಿಂದ ಏನಾದೀತು ಎಂದು ನೀವು ಕೇಳಬಹುದು. ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡುವ ಆಕ್ಸಿಜನ್ ಸೆನ್ಸರಿನ ಇಡೀ ಸಂಕೇತವು 0.1ರಿಂದ 0.9 ವೋಲ್ಟಿನ ನಡುವೆ ಆಡುತ್ತದೆ. ಹಳೆಯ ಒಂದೇ ತಂತಿಯ ಸೆನ್ಸರ್ ತನ್ನ ಅರ್ಥನ್ನು ಸೈಲೆನ್ಸರ್ ಪೈಪಿನಿಂದ ಪಡೆಯುತ್ತದೆ, ಇಸಿಎಂ ತನ್ನ ಅರ್ಥನ್ನು ತನ್ನ ಬೋಲ್ಟಿನಿಂದ ಪಡೆಯುತ್ತದೆ. ಆ ಬೋಲ್ಟಿನಲ್ಲಿ 0.3 ವೋಲ್ಟ್ ಕಳೆದುಹೋದರೆ ಸೆನ್ಸರಿನ 0.6 ವೋಲ್ಟ್ ಇಸಿಎಂ ಕಣ್ಣಿಗೆ 0.3 ಆಗಿ ಕಾಣುತ್ತದೆ. ಪೆಟ್ರೋಲ್ ಸಾಲುತ್ತಿಲ್ಲ ಎಂದು ತಿಳಿದು ಅದು ಇನ್ನಷ್ಟು ಸುರಿಯುತ್ತದೆ. ಮಾಲೀಕರು ಮೈಲೇಜ್ ಬಿದ್ದಿದೆ ಎಂದು ಬರುತ್ತಾರೆ, ಮಿಸ್ತ್ರಿ ಸೆನ್ಸರ್ ಬದಲಾಯಿಸುತ್ತಾನೆ, ಮೈಲೇಜ್ ಹಾಗೆಯೇ ಉಳಿಯುತ್ತದೆ, ಕೊನೆಗೆ ಅಪವಾದ ಇಸಿಎಂ ಮೇಲೆ ಬೀಳುತ್ತದೆ. ಬೋಲ್ಟ್ ಬಿಚ್ಚಿ, ಕೆಳಗಿನ ಲೋಹವನ್ನು ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದರೆ ಮುಗಿಯುವ ಕೆಲಸವಿದು.

ಮುಂದಿನದು 5 ವೋಲ್ಟಿನ ಸಾಲು. ಥ್ರಾಟಲ್ ಸೆನ್ಸರ್, ಎಂಜಿನ್ ಎಳೆಯುವ ಗಾಳಿಯ ಒತ್ತಡ ನೋಡುವ ಮ್ಯಾಪ್ ಸೆನ್ಸರ್, ಕೆಲವು ಗಾಡಿಗಳಲ್ಲಿ ಎಸಿಯ ಪ್ರೆಶರ್ ಸೆನ್ಸರ್ ಇವೆಲ್ಲವೂ ಒಂದೇ 5 ವೋಲ್ಟಿನ ಪೂರೈಕೆಯನ್ನು ಹಂಚಿಕೊಂಡಿರುತ್ತವೆ. ಇವುಗಳಲ್ಲಿ ಒಂದು ಒಳಗೇ ಶಾರ್ಟ್ ಆದರೆ ಇಡೀ ಸಾಲು ಸೊನ್ನೆಗೆ ಕುಸಿಯುತ್ತದೆ, ಸ್ಕ್ಯಾನರಿನಲ್ಲಿ ಸಾಲುಸಾಲಾಗಿ ಕೋಡುಗಳು ಬರುತ್ತವೆ, ಎಂಜಿನ್ ನಿಲ್ಲುತ್ತದೆ. ಅಷ್ಟೊಂದು ಕೋಡುಗಳನ್ನು ಕಂಡವರಿಗೆ ಇಸಿಎಂ ಹೋಗಿದೆ ಎಂದು ಅನಿಸುವುದು ಸಹಜ. ಆದರೆ 5 ವೋಲ್ಟಿನ ತಂತಿಗೆ ಮೀಟರ್ ಹಚ್ಚಿಟ್ಟು ಸೆನ್ಸರುಗಳ ಕಪ್ಲರನ್ನು ಒಂದೊಂದಾಗಿ ಬಿಚ್ಚುತ್ತ ಹೋಗಬೇಕು. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳಿತೋ ಅದೇ ತಪ್ಪಿತಸ್ಥ. ಎಲ್ಲ ಬಿಚ್ಚಿದರೂ ಮರಳದಿದ್ದರೆ ಇಸಿಎಂ ಕಡೆಯಲ್ಲಿಯೇ ಆ ಒಂದು ತಂತಿಯನ್ನು ಬೇರ್ಪಡಿಸಿ ನೋಡಬೇಕು. ಆಗ ಪಿನ್ನಿನಲ್ಲಿ 5 ವೋಲ್ಟ್ ಬಂದರೆ ದೋಷ ವಾಯರಿಂಗಿನಲ್ಲಿದೆ. ಆಗಲೂ ಬಾರದೆ, ಪೂರೈಕೆ ಮತ್ತು ಅರ್ಥ್ ಸರಿ ಇದ್ದರೆ ಮಾತ್ರ ಪೆಟ್ಟಿಗೆಯ ರೆಗ್ಯುಲೇಟರಿನ ಮೇಲೆ ಸಂಶಯ ಪಡಬೇಕು.

ಸ್ಕ್ಯಾನರ್ ಬಗ್ಗೆ ಎರಡು ಮಾತು. ಅದು ತೋರಿಸುವ ಕೋಡ್ ಇಸಿಎಂ ಕಂಡದ್ದನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಪಿ0118 ಬಂದಿತು ಎಂದರೆ ಎಂಜಿನ್ ತಂಪುಗೊಳಿಸುವ ನೀರಿನ ಬಿಸಿ ಅಳೆಯುವ ಕೂಲಂಟ್ ಸೆನ್ಸರಿನ ತಂತಿಯಲ್ಲಿ ವೋಲ್ಟೇಜ್ ಇರಬೇಕಾದುದಕ್ಕಿಂತ ಹೆಚ್ಚಿದೆ ಎಂದಷ್ಟೇ ಅರ್ಥ. ಸೆನ್ಸರ್ ತುಂಡಾಗಿರಬಹುದು, ತಂತಿ ತುಂಡಾಗಿರಬಹುದು, ಕಪ್ಲರ್ ಸಡಿಲಾಗಿರಬಹುದು. ಆಗ ಲೈವ್ ಡೇಟಾದಲ್ಲಿ ಹಲವು ಗಾಡಿಗಳು ಮೈನಸ್ 40 ಡಿಗ್ರಿ ತೋರಿಸುತ್ತವೆ. ಮೇ ತಿಂಗಳ ವಿಜಯಪುರದಲ್ಲಿ ಮೈನಸ್ 40 ಡಿಗ್ರಿ ಕಂಡರೆ ಯಾರಿಗಾದರೂ ನಗು ಬರುತ್ತದೆ, ಆದರೆ ಇಸಿಎಂ ಅದನ್ನು ನಂಬಿ ಪೆಟ್ರೋಲ್ ಹೆಚ್ಚಿಸುವುದೂ ಉಂಟು. ಆ ಸೆನ್ಸರ್ ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಎರಡರಿಂದ ಮೂರು ಕಿಲೋ ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸಬೇಕು. ಬಿಸಿ ನೀರಿನ ಪಾತ್ರೆಯೊಂದಿದ್ದರೆ ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಸ್ಕ್ಯಾನರ್ ಹಿಡಿಯದ ಹಳೆಯ ಮಾರುತಿ ಗಾಡಿಗಳಲ್ಲಿ ಡಯಾಗ್ನೋಸಿಸ್ ಕಪ್ಲರಿನ ಪಿನ್ನನ್ನು ಅರ್ಥಿಗೆ ಸೇರಿಸಿದರೆ ಚೆಕ್ ಎಂಜಿನ್ ದೀಪವೇ ಮಿನುಗಿ ಕೋಡ್ ಹೇಳುತ್ತದೆ. ಒಂದು ಮಿನುಗು, ಬಿಡುವು, ಎರಡು ಮಿನುಗು ಎಂದರೆ 12, ಅಂದರೆ ದೋಷವಿಲ್ಲ. ದೀಪ 12 ಎಂದು ಮಿನುಗಿತು ಎಂದರೆ ಆ ಇಸಿಎಂ ಬದುಕಿದೆ, ಯೋಚಿಸುತ್ತಿದೆ ಎಂಬುದಕ್ಕೆ ಅದೇ ಪುರಾವೆ.

ಬಿಸಿಯಾದ ಮೇಲೆ ನಿಲ್ಲುವ, ಅರ್ಧ ಗಂಟೆ ಬಿಟ್ಟರೆ ಚಾಲೂ ಆಗುವ ಗಾಡಿಗಳಿಗೆ ಇಸಿಎಂ ಬದಲಾಯಿಸುವ ರೂಢಿ ಇದೆ. ಇಂಥ ಪ್ರಕರಣಗಳಲ್ಲಿ ಮೊದಲು ನೋಡಬೇಕಾದದ್ದು ಎಂಜಿನ್ ತಿರುಗುವುದನ್ನು ಇಸಿಎಂಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್. ಅದರ ಒಳಗಿನ ಸುರುಳಿ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಕೂಡಿಕೊಳ್ಳುತ್ತದೆ. ಗಾಡಿ ನಿಂತ ಗಳಿಗೆಯಲ್ಲಿಯೇ ಸ್ಕ್ಯಾನರಿನಲ್ಲಿ ಆರ್‌ಪಿಎಂ ನೋಡುತ್ತ ಸೆಲ್ಫ್ ಹೊಡೆಯಬೇಕು. ಎಂಜಿನ್ ತಿರುಗುತ್ತಿದ್ದರೂ ಆರ್‌ಪಿಎಂ ಸೊನ್ನೆ ಇದ್ದರೆ ಇಸಿಎಂಗೆ ಎಂಜಿನ್ ತಿರುಗುತ್ತಿರುವುದೇ ಗೊತ್ತಾಗಿಲ್ಲ. ಅದು ಸ್ಪಾರ್ಕನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಕೊಡುವುದಿಲ್ಲ. ಆರ್‌ಪಿಎಂ 200ರ ಆಸುಪಾಸಿನಲ್ಲಿ ಸರಿಯಾಗಿ ಬರುತ್ತಿದ್ದು, ಇಂಜೆಕ್ಟರಿಗೆ 12 ವೋಲ್ಟ್ ಇದ್ದು, ಇಂಜೆಕ್ಟರ್ ಕಪ್ಲರಿಗೆ ಹಚ್ಚಿದ ಸಣ್ಣ ಬಲ್ಬ್ ಮಿನುಗದೆ, ಕೀಲಿಯ ಗುರುತು ಹೊಂದದಿದ್ದರೆ ಎಂಜಿನ್ ಚಾಲೂ ಆಗದಂತೆ ತಡೆಯುವ ಇಮ್ಮೊಬಿಲೈಜರಿನ ದೀಪವೂ ಆರಿದ್ದು, ಇಂಜೆಕ್ಟರಿನಿಂದ ಇಸಿಎಂವರೆಗಿನ ತಂತಿ ಕೂಡಿದ್ದರೆ ಆಗ ಡ್ರೈವರ್ ಹೋಗಿದೆ ಎಂದು ಹೇಳಲು ನಮಗೆ ಅಧಿಕಾರ ಬರುತ್ತದೆ.

ಹಾಗೆ ಅಧಿಕಾರ ಬಂದ ಮೇಲೆ ಕೇಳಬೇಕಾದ ಪ್ರಶ್ನೆ, ಅದು ಏಕೆ ಹೋಯಿತು ಎಂಬುದು. ಸಾಮಾನ್ಯ ಇಂಜೆಕ್ಟರಿನ ರೋಧ 12ರಿಂದ 16 ಓಮ್. ಅಂದರೆ ಒಂದು ಆಂಪಿಯರಿನ ಆಸುಪಾಸು ಕರೆಂಟ್. ಸುರುಳಿ ಒಳಗೇ ಶಾರ್ಟ್ ಆಗಿ ರೋಧ 2 ಓಮಿಗೆ ಇಳಿದರೆ ಡ್ರೈವರ್ 6 ಆಂಪಿಯರ್ ಹೊರಬೇಕಾಗುತ್ತದೆ. ಆದ್ದರಿಂದ ಇಸಿಎಂ ಬದಲಾಯಿಸುವ ಅಥವಾ ದುರಸ್ತಿ ಮಾಡಿದ್ದನ್ನು ಮರಳಿ ಕೂಡಿಸುವ ಮೊದಲು ಎಲ್ಲ ಇಂಜೆಕ್ಟರ್, ಕಾಯಿಲ್, ರಿಲೇ, ಐಡಲ್ ಮೋಟರುಗಳ ರೋಧವನ್ನು ಅಳೆದು ಬರೆದುಕೊಳ್ಳಲೇಬೇಕು. ಅದರಲ್ಲಿಯೂ ಥ್ರಾಟಲ್ ಬಾಡಿಯ ಐಡಲ್ ಮೋಟರಿನ ಕಡೆ ವಿಶೇಷ ಗಮನ ಇರಲಿ. ಥ್ರಾಟಲ್ ಬಾಡಿಯೊಳಗೆ ಕೂಲಂಟ್ ಹರಿಯುವ ಗಾಡಿಗಳಲ್ಲಿ ರಬ್ಬರ್ ಸೋರಿ ಆ ನೀರು ಮೋಟರಿನ ಸುರುಳಿಗೆ ಇಳಿಯುತ್ತದೆ.

ಉಳಿದ ಕೊಲೆಗಡುಕರು ನಮ್ಮ ಗ್ಯಾರೇಜಿನ ಅಭ್ಯಾಸಗಳಲ್ಲಿಯೇ ಇದ್ದಾರೆ. ಡೈನಮೋ ಚಾರ್ಜ್ ಮಾಡುತ್ತಿದೆಯೇ ಎಂದು ನೋಡಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಕಿತ್ತುವುದು ಕಾರ್ಬ್ಯುರೇಟರ್ ಕಾಲದ ಪದ್ಧತಿ. ಆ ಕ್ಷಣದಲ್ಲಿ ಡೈನಮೋ ಹೊರಹಾಕುತ್ತಿದ್ದ ಕರೆಂಟಿಗೆ ಹೋಗಲು ಜಾಗವಿಲ್ಲದೆ ವೋಲ್ಟೇಜ್ ನೆಗೆಯುತ್ತದೆ. ತಡೆ ಇಲ್ಲದ 12 ವೋಲ್ಟಿನ ವ್ಯವಸ್ಥೆಯಲ್ಲಿ ಅದು 80ರಿಂದ 100 ವೋಲ್ಟಿನವರೆಗೂ ಹೋಗಬಲ್ಲದು, ಮತ್ತು ಸೆಕೆಂಡಿನ ಹತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ಹೊತ್ತು ಇರಬಲ್ಲದು. ಇಸಿಎಂ ಒಳಗೆ ಇದಕ್ಕೆ ರಕ್ಷಣೆ ಇದ್ದರೂ ಹಳೆಯ ಬೋರ್ಡಿನ ರಕ್ಷಣೆ ಎಷ್ಟು ಸಲ ತಡೆದೀತು? ಚಾರ್ಜಿಂಗ್ ನೋಡಲು ಮೀಟರ್ ಸಾಕು: ಓಡುವ ಎಂಜಿನ್ನಿನಲ್ಲಿ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಇರಬೇಕು. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಡೈನಮೋದ ಡಯೋಡ್ ಹೋಗಿದೆ, ಆ ಕಂಪನವೂ ಇಸಿಎಂಗೆ ತಲೆನೋವು. ಇನ್ನು ಗ್ಯಾಸ್ ಕಿಟ್ಟಿನ ಬ್ರ್ಯಾಕೆಟ್, ಹಿಂದಿನ ಕೊಂಡಿ, ಸೈಲೆನ್ಸರ್ ಏನನ್ನೇ ವೆಲ್ಡಿಂಗ್ ಮಾಡುವಾಗ ಬ್ಯಾಟರಿಯ ಮೈನಸ್ ತೆಗೆದು, ಇಸಿಎಂ ಕಪ್ಲರನ್ನೂ ಬಿಚ್ಚಿಡಬೇಕು. ಜಂಪ್ ಸ್ಟಾರ್ಟ್ ಮಾಡುವಾಗ ಪ್ಲಸ್ ಮೈನಸ್ ಅದಲುಬದಲಾದರೆ ಏನಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ನೀರಿನ ಮಾತು ಬಂದರೆ ನಮ್ಮ ಜಿಲ್ಲೆಗಳು 2019ರ ಆಗಸ್ಟನ್ನು ನೆನೆಯದೆ ಇರಲಾರವು. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಒಟ್ಟಿಗೆ ತುಂಬಿ ಬಂದ ಆ ಮಳೆಗಾಲದಲ್ಲಿ ಮನೆಗಳೊಡನೆ ವಾಹನಗಳೂ ಮುಳುಗಿದವು. ಮುಳುಗಿದ ಗಾಡಿಯಲ್ಲಿ ಇಸಿಎಂನ ಶತ್ರು ಬರೀ ನೀರಲ್ಲ, ನೀರಿನಲ್ಲಿರುವಾಗ ಹರಿಯುವ ಕರೆಂಟ್. ಬ್ಯಾಟರಿ ಜೋಡಿಸಿಯೇ ಇದ್ದರೆ ಸದಾ 12 ವೋಲ್ಟ್ ಇರುವ ಪಿನ್ನಿನ ತಾಮ್ರ ಕರಗಿ ಪಕ್ಕದ ಪಿನ್ನಿನ ಕಡೆಗೆ ಸಾಗುತ್ತದೆ. ಕೆಲವು ದಿನಗಳಲ್ಲಿ ಬೋರ್ಡಿನ ಗೆರೆಯೇ ಮಾಯವಾಗುತ್ತದೆ. ಆದ್ದರಿಂದ ಮೊದಲ ಕೆಲಸ ಬ್ಯಾಟರಿ ಬಿಚ್ಚುವುದು, ಕೀಲಿ ತಿರುಗಿಸಿ ನೋಡುವುದಲ್ಲ. ಪೆಟ್ಟಿಗೆಯನ್ನು ತೆಗೆದು, ತೆರೆದು, ಕೆಸರನ್ನು ಡಿಸ್ಟಿಲ್ಡ್ ವಾಟರಿನಿಂದ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಮೃದುವಾದ ಬ್ರಷ್‌ನಲ್ಲಿ ಉಜ್ಜಿ, ನೆರಳಿನಲ್ಲಿ ಪೂರ್ತಿ ಒಣಗಿಸಿ, ಭೂತಗನ್ನಡಿಯಲ್ಲಿ ಪ್ರತಿ ಚಿಪ್ಪಿನ ಕಾಲುಗಳನ್ನು ನೋಡಬೇಕು. ಬೇಗನೆ ಮಾಡಿದರೆ ಉಳಿಯುವ ಪೆಟ್ಟಿಗೆಗಳು ಕಡಿಮೆ ಏನಲ್ಲ. ಪ್ರವಾಹವಿಲ್ಲದ ಊರಿನಲ್ಲಿಯೂ ಇದೇ ಬಗೆಯ ಹಾನಿಯಾಗುತ್ತದೆ: ಹಲವು ಸಣ್ಣ ಕಾರುಗಳಲ್ಲಿ ಇಸಿಎಂ ಇರುವುದು ಡ್ಯಾಶ್‌ಬೋರ್ಡಿನ ಕೆಳಗೆ, ಎಸಿಯ ನೀರು ಹೊರಹೋಗುವ ಕೊಳವೆಯ ಹತ್ತಿರ. ಕೊಳವೆ ಧೂಳಿನಿಂದ ಕಟ್ಟಿದರೆ ನೀರು ಒಳಗೇ ತೊಟ್ಟಿಕ್ಕುತ್ತದೆ, ತಂತಿಯನ್ನು ಹಿಡಿದು ಕಪ್ಲರಿಗೆ ಇಳಿಯುತ್ತದೆ.

ಪೆಟ್ಟಿಗೆಯನ್ನು ತೆರೆದ ಮೇಲೆ ಕಣ್ಣು ಮತ್ತು ಮೂಗು ಎರಡೂ ಬೇಕು. ಹಳೆಯ ಬೋರ್ಡುಗಳಲ್ಲಿ ಬೇಗ ಸೋಲುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಅದರೊಳಗಿನ ದ್ರವ ಸೋರಿ ಸುತ್ತಲಿನ ಗೆರೆಗಳನ್ನು ತಿನ್ನುತ್ತದೆ, ಹಸಿ ಮೀನಿನ ವಾಸನೆ ಬರುತ್ತದೆ, ಬೋರ್ಡಿನ ಮೇಲೆ ಕಂದು ಕಲೆ ಕಾಣುತ್ತದೆ. ಉಷ್ಣತೆ 10 ಡಿಗ್ರಿ ಏರಿದಂತೆ ಇದರ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರ ಸಾಮಾನ್ಯ ಲೆಕ್ಕ. ಬಿಸಿಲಲ್ಲಿ ಮುಚ್ಚಿಟ್ಟ ಕಾರಿನೊಳಗೆ 60 ಡಿಗ್ರಿ ಸುಲಭವಾಗಿ ಮುಟ್ಟುವ ನಮ್ಮ ಬಯಲುಸೀಮೆಯಲ್ಲಿ ಇದರ ಪರಿಣಾಮ ಊಹಿಸಬಹುದು. ಬದಲಿಸುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು ಇರಬೇಕು, 105 ಡಿಗ್ರಿಯದ್ದೇ ಆಗಿರಬೇಕು; ಟಿವಿ ರಿಪೇರಿಯ 85 ಡಿಗ್ರಿಯದ್ದನ್ನು ಹಾಕಬಾರದು. ಸೋರಿದ ದ್ರವವನ್ನು ಒರೆಸದೆ ಹೊಸದನ್ನು ಕೂಡಿಸಿದರೆ ತಿನ್ನುವ ಕೆಲಸ ಮುಂದುವರಿಯುತ್ತದೆ. ಕಪ್ಲರಿನ ಪಿನ್ನುಗಳು ಬೋರ್ಡಿಗೆ ಸೇರುವಲ್ಲಿ, ದೊಡ್ಡ ಟ್ರಾನ್ಸಿಸ್ಟರಿನ ಕಾಲುಗಳಲ್ಲಿ ಸೋಲ್ಡರ್ ಸುತ್ತ ಕೂದಲೆಳೆಯ ಉಂಗುರದಂತೆ ಬಿರುಕು ಕಂಡರೆ ಹಳೆಯ ಸೋಲ್ಡರನ್ನು ತೆಗೆದು ಹೊಸದಾಗಿ ಹಾಕಬೇಕು. ಸುಟ್ಟ ಗೆರೆಗೆ ತೆಳು ತಂತಿ ಹಾಯಿಸಬಹುದು, ಆದರೆ ದಪ್ಪ ತಂತಿ ಹಾಕಿ ಇನ್ನೆಂದೂ ಸುಡದಂತೆ ಮಾಡುವ ಜಾಣತನ ಬೇಡ. ಮುಂದಿನ ಸಲ ಸುಡುವುದು ಚಿಪ್ಪೇ ಆದೀತು. ಮೈಕ್ರೋಕಂಟ್ರೋಲರೇ ಹೋಗಿದ್ದರೆ ನಮ್ಮ ಮಟ್ಟದಲ್ಲಿ ದುರಸ್ತಿ ಇಲ್ಲ ಎಂದು ಮಾಲೀಕರಿಗೆ ಸ್ಪಷ್ಟವಾಗಿ ಹೇಳುವುದು ಒಳ್ಳೆಯದು.

ಪುಣೆ, ಮುಂಬೈ, ಬೆಂಗಳೂರಿನ ಗುಜರಿಯಿಂದ ಹಳೆಯ ಇಸಿಎಂ ತರಿಸುವುದು ನಮ್ಮಲ್ಲಿ ರೂಢಿಯಲ್ಲಿದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಪಾರ್ಟ್ ನಂಬರ್ ಕೊನೆಯ ಅಂಕಿಯವರೆಗೂ ಹೊಂದಬೇಕು. ಇಮ್ಮೊಬಿಲೈಜರ್ ಇರುವ ಗಾಡಿಯಲ್ಲಿ ಕೀಲಿಯ ಗುರುತು ಎಂಟು ಕಾಲಿನ ಆ ಮೆಮೊರಿ ಚಿಪ್ಪಿನಲ್ಲಿ ಇರುತ್ತದೆ. ಬೇರೆ ಗಾಡಿಯ ಪೆಟ್ಟಿಗೆ ಕೂಡಿಸಿದರೆ ಎಂಜಿನ್ ಚಾಲೂ ಆಗುವುದೇ ಇಲ್ಲ, ಇಲ್ಲವೆ ಒಂದೆರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಇದನ್ನು ಕಂಡು ತಂದ ಪೆಟ್ಟಿಗೆಯೂ ಕೆಟ್ಟಿದೆ ಎಂದು ಎಸೆಯುವವರಿದ್ದಾರೆ. ಗಾಡಿಯ ಸ್ವಂತ ಪೆಟ್ಟಿಗೆಯ ಚಿಪ್ಪಿನ ಮಾಹಿತಿಯನ್ನು ಪ್ರೋಗ್ರಾಮರ್ ಎಂಬ ಉಪಕರಣದಿಂದ ಓದಿ, ಒಂದು ಪ್ರತಿ ಕಾಯ್ದಿಟ್ಟು, ತಂದ ಪೆಟ್ಟಿಗೆಗೆ ಬರೆಯುವುದು ಇದಕ್ಕೆ ದಾರಿ. ಈ ಕೆಲಸ ಬಲ್ಲವರು ಗಾಡಿಯ ಆರ್‌ಸಿ ಮತ್ತು ಮಾಲೀಕರ ಗುರುತನ್ನು ನೋಡದೆ ಕೈ ಹಾಕಬಾರದು. ಕದ್ದ ಗಾಡಿಗೂ ಬೇಕಾಗುವುದು ಇದೇ ಸೇವೆ.

ಕಬ್ಬಿನ ಹಂಗಾಮಿನಲ್ಲಿ ಇಲಿ ಕಡಿದ ತಂತಿಗಳ ಬಗ್ಗೆ ಮುಧೋಳ ಕಡೆಯಿಂದ ಬಂದ ಒಬ್ಬರು ಕೇಳಿದರು. ತಂತಿ ತಿರುಚಿ ಟೇಪ್ ಸುತ್ತುವುದು ಎಂಜಿನ್ ಕೋಣೆಯಲ್ಲಿ ಒಂದು ಮಳೆಗಾಲವೂ ಉಳಿಯುವುದಿಲ್ಲ. ಸೋಲ್ಡರ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಬೇಕು, ಪಕ್ಕಪಕ್ಕದ ಜೋಡುಗಳನ್ನು ಒಂದೇ ಜಾಗದಲ್ಲಿ ಇಡದೆ ಹಿಂದೆ ಮುಂದೆ ಮಾಡಬೇಕು. ಕ್ರ್ಯಾಂಕ್ ಸೆನ್ಸರಿನ ತಂತಿಗಳು, ಮತ್ತು ಗಾಡಿಯ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಪರಸ್ಪರ ಮಾತನಾಡುವ ಕ್ಯಾನ್ ಸಾಲಿನ ತಂತಿಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಆ ಹೆಣಿಗೆ ಕಾಯಿಲ್ ಮುಂತಾದವುಗಳ ಗದ್ದಲವನ್ನು ತಡೆಯಲು ಇರುವುದರಿಂದ ದುರಸ್ತಿಯ ಬಳಿಕವೂ ಹಾಗೆಯೇ ಹೆಣೆಯಬೇಕು. ಕ್ಯಾನ್ ಇರುವ ಗಾಡಿಯಲ್ಲಿ ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಕಪ್ಲರಿನ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂದರೆ ಸಾಲು ಎಲ್ಲಿಯೋ ತುಂಡಾಗಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಒಂದನ್ನೊಂದು ಮುಟ್ಟಿವೆ.

ರಾತ್ರಿ ನಿಲ್ಲಿಸಿದ ಗಾಡಿಯ ಬ್ಯಾಟರಿ ಬೆಳಿಗ್ಗೆ ಇಳಿದಿರುತ್ತದೆ, ಇದೂ ಇಸಿಎಂ ದೋಷವೇ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಆಗಿರಬಹುದು, ಆದರೆ ಮೊದಲು ಅಳೆಯಬೇಕು. ಎಲ್ಲ ಆಫ್ ಮಾಡಿ, ಬಾಗಿಲು ಹಾಕಿ, ಅರ್ಧ ಗಂಟೆ ಬಿಟ್ಟ ಬಳಿಕ ಬ್ಯಾಟರಿಯ ಮೈನಸ್ ಕಂಬ ಮತ್ತು ಅದರಿಂದ ಬಿಚ್ಚಿದ ತಂತಿಯ ನಡುವೆ ಮೀಟರನ್ನು ಆಂಪಿಯರಿನಲ್ಲಿ ಜೋಡಿಸಿದರೆ 50 ಮಿಲಿ ಆಂಪಿಯರಿಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಫ್ಯೂಜುಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಬೇಕು. ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ರಿಮೋಟ್ ಲಾಕುಗಳ ತಂತಿಯನ್ನು ಇಸಿಎಂನ ಪೂರೈಕೆಗೇ ಕೂಡಿಸಿರುವುದು ಹಳೆಯ ಗಾಡಿಗಳಲ್ಲಿ ಸಾಮಾನ್ಯ, ಆದ್ದರಿಂದ ಇಸಿಎಂ ಫ್ಯೂಜ್ ತೆಗೆದಾಗ ಕರೆಂಟ್ ಇಳಿಯಿತು ಎಂಬಷ್ಟಕ್ಕೇ ಇಸಿಎಂ ಮೇಲೆ ದೂರು ಹೊರಿಸಲಾಗದು. ಆ ಫ್ಯೂಜಿನ ತಂತಿಯನ್ನು ಹಿಡಿದು ಅದಕ್ಕೆ ಇನ್ನೇನೇನು ಜೋಡಿಸಿದ್ದಾರೆ ಎಂದು ನೋಡಬೇಕು. ಮುಖ್ಯ ರಿಲೇಯ ಒಳಗಿನ ಪಾಯಿಂಟುಗಳು ಸುಟ್ಟು ಅಂಟಿಕೊಂಡಿದ್ದರೂ ಹೀಗೆಯೇ ಆಗುತ್ತದೆ. ಕೀಲಿ ತೆಗೆದ ಕೆಲವು ಸೆಕೆಂಡುಗಳಲ್ಲಿ ಆ ರಿಲೇ ಟಕ್ ಎಂದು ಬಿಡುವುದು ಕೈಗೆ ತಿಳಿಯಬೇಕು. ತಿಳಿಯದಿದ್ದರೆ ಅದನ್ನು ಕಿತ್ತು ಅಳೆಯಿರಿ, ಕರೆಂಟ್ ಇಳಿದರೆ ಮೊದಲು ರಿಲೇ ಬದಲಾಯಿಸಿ ನೋಡಿ.